ಮಾರಿಕಣಿವೆಯ ತೂಬು

ಹಿರಿಯೂರನ್ನು ಬಿಟ್ಟು ಹೊಸದುರ್ಗದ ದಾರಿ ಹಿಡಿದರೆ ಇಪ್ಪತ್ತು ಕಿಲೋಮೀಟರಿನೊಳಗೆ ನೋಟ ಬದಲಾಗುತ್ತದೆ. ಅಲ್ಲಿಯವರೆಗೆ ಜಾಲಿಯ ಪೊದೆ, ಕೆಂಪು ನೆಲ, ಬೋಳು ಗುಡ್ಡ. ನಡುನಡುವೆ ತೆಂಗಿನ ತೋಟದ ಹಸುರು. ಆಮೇಲೆ ಎದುರುಬದುರಾಗಿ ಎರಡು ಬೆಟ್ಟಗಳು ಹತ್ತಿರ ಸರಿದು ನಿಲ್ಲುತ್ತವೆ. ಆ ಎರಡರ ಸಂದಿನಲ್ಲಿ ವೇದಾವತಿ ಒಂದು ಕಾಲದಲ್ಲಿ ನುಸುಳಿ ಹೋಗುತ್ತಿದ್ದಳು. ಅದೇ ಮಾರಿಕಣಿವೆ. ಕಣಿವೆಯನ್ನು ಕಾಯುವ ದೇವಿ ಕಣಿವೆ ಮಾರಮ್ಮ. ಅವಳ ಗುಡಿ ಇಂದಿಗೂ ಅಣೆಕಟ್ಟಿನ ಅಡಿಯಲ್ಲಿಯೇ ಉಂಟು. ಸರ್ಕಾರದ ಕಾಗದಗಳಲ್ಲಿ ಈ ಜಲಾಶಯ ವಾಣಿವಿಲಾಸ ಸಾಗರ. ಊರಿನವರ ಬಾಯಲ್ಲಿ ಅದು ಮಾರಿಕಣಿವೆ ಡ್ಯಾಮು.

ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿದ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಇತ್ತ ಬರುತ್ತವೆ. ಹುಟ್ಟಿದ್ದು ಮಲೆನಾಡಿನಲ್ಲಿ, ಬದುಕಬೇಕಾದದ್ದು ನಾಡಿನ ಅತ್ಯಂತ ಕಡಿಮೆ ಮಳೆಯ ಸೀಮೆಗಳಲ್ಲೊಂದರಲ್ಲಿ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳುತ್ತಿದ್ದಾಗ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1898ರಲ್ಲಿ ಇಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. 1907ರ ಹೊತ್ತಿಗೆ ಅದು ಮುಗಿಯಿತು. ಕನ್ನಂಬಾಡಿಗೆ ಇನ್ನೂ ಅಡಿಗಲ್ಲು ಬಿದ್ದಿರದ ಕಾಲ ಅದು. ಕಾಲು ಮೈಲಿಯಷ್ಟು ಉದ್ದದ ಕಲ್ಲುಗೋಡೆ, ಅದರ ಮೇಲೆ ಕಮಾನಿನ ಮಂಟಪಗಳು, ಹಿಂದುಗಡೆ ಮೂವತ್ತು ಟಿ.ಎಂ.ಸಿ. ನೀರು ಹಿಡಿಯುವ ಹರವು. ನೂರಾರು ವರ್ಷಗಳಿಂದ ಓಡಿ ಹೋಗುತ್ತಿದ್ದ ನೀರಿಗೆ ಮನುಷ್ಯ 'ನಿಲ್ಲು' ಎಂದು ಹೇಳಿದ ಸ್ಥಳ ಇದು.

ನಿಲ್ಲಿಸಿದ್ದೇನೋ ಆಯಿತು, ತುಂಬುವುದು ಮಾತ್ರ ಆಕಾಶದ ಕೈಯಲ್ಲಿತ್ತು. ನೂರಮೂವತ್ತು ಅಡಿಯ ಪೂರ್ಣಮಟ್ಟವನ್ನು ಮುಟ್ಟಿ ಜಲಾಶಯ ಕೋಡಿ ಬಿದ್ದದ್ದು 1933ರಲ್ಲಿ. ಅಲ್ಲಿಂದ ಮುಂದೆ ಎಂಬತ್ತೊಂಬತ್ತು ವರ್ಷ ಅದು ತುಂಬಲಿಲ್ಲ. 2022ರಲ್ಲಿ ಎರಡನೆಯ ಸಲ ಕೋಡಿ ಹರಿದಾಗ ಜನ ಜಾತ್ರೆಯಂತೆ ನೆರೆದರು. ಇತ್ತೀಚಿನ ವರ್ಷಗಳಲ್ಲಿ ಭದ್ರೆಯ ನೀರೂ ಇತ್ತ ಹರಿದು ಬರತೊಡಗಿದೆ. 2025ರ ಜನವರಿಯಲ್ಲಿ ಮೂರನೆಯ ಸಲ ಕೋಡಿ ಬಿತ್ತು. ಈ ಮೂರು ದಿನಾಂಕಗಳ ನಡುವೆ ಹಿರಿಯೂರು ಸೀಮೆಯ ಎಷ್ಟೋ ತೆಂಗಿನ ತೋಟಗಳು ಒಣಗಿವೆ. ಎಷ್ಟೋ ಕೊಳವೆಬಾವಿಗಳು ಬತ್ತಿವೆ. ಎಷ್ಟೋ ಮನೆಗಳಲ್ಲಿ ರಾತ್ರಿಯ ನಿದ್ರೆ ಹಾರಿಹೋಗಿದೆ.

ಮೂರನೆಯ ಕೋಡಿಯ ಆ ವರ್ಷದ ಒಂದು ಮುಂಜಾನೆ. ಕಟ್ಟೆಯ ಕೆಳಗಿನ ಮರಗಳ ಬಳಿ ನಲವತ್ತರ ಆಸುಪಾಸಿನ ಒಬ್ಬಾತ ನಿಂತಿದ್ದ. ಹುಟ್ಟಿದ್ದು ಈ ಸೀಮೆಯಲ್ಲಿ. ಕೆಲಸ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ. ಮಾರಮ್ಮನಿಗೆ ಹರಕೆ ತೀರಿಸಲು ಸಂಸಾರ ಸಮೇತ ಬಂದಿದ್ದ. ಹೆಂಡತಿ ಮಕ್ಕಳು ಏಳುವ ಮೊದಲೇ ಎದ್ದು ಬಂದು, ಕಾಲನ್ನು ಭುಜದಷ್ಟು ಅಗಲಕ್ಕೆ ಇಟ್ಟು, ಮೊಣಕಾಲನ್ನು ತುಸು ಸಡಿಲಿಸಿ ನಿಂತ. ಎರಡು ಕೈಗಳನ್ನು ಹೊಕ್ಕುಳಿನ ಮುಂದಿನಿಂದ ಮೆಲ್ಲಗೆ ಎತ್ತಿ, ಬೆರಳಿಗೆ ಬೆರಳು ಹೆಣೆದು, ಆಕಾಶವನ್ನು ಹೊರುವವನಂತೆ ತಲೆಯ ಮೇಲಕ್ಕೆ ಒತ್ತಿದ. ಉಸಿರು ಒಳಕ್ಕೆ. ಕೈಗಳು ಇಬ್ಬದಿಗೆ ಇಳಿದಂತೆ ಉಸಿರು ಹೊರಕ್ಕೆ. ಅವಸರವೆಂಬುದೇ ಇಲ್ಲ.

ಗುಡಿಯ ಕಡೆಯಿಂದ ಬರುತ್ತಿದ್ದ ಮುದುಕನೊಬ್ಬ ಕೋಲೂರಿ ನಿಂತು ಬಹಳ ಹೊತ್ತು ನೋಡಿದ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಏನಪ್ಪಾ ತಮ್ಮಾ, ಬೆಳಿಗ್ಗೆ ಬೆಳಿಗ್ಗೆ ಗಾಳಿ ಹಿಡೀತಿದ್ದೀಯಾ?"

"ಒಂದು ಥರಾ ಹಂಗೇ ಅಜ್ಜಾ. ಇದು ಚೀನಾದವರ ಕಸರತ್ತು. ನಿದ್ದೆ ಬರ್ತಿರಲಿಲ್ಲ, ಎದೆ ಡವಡವ ಅಂತಿತ್ತು. ಡಾಕ್ಟರಿಗೆ ತೋರಿಸ್ದೆ. ಮಾತ್ರೆ ಕೊಟ್ರು, ಜೊತೆಗೆ ಇಂಥಾದ್ದೇನಾದ್ರೂ ಮಾಡು ಅಂದ್ರು."

"ಬ್ಯಾಂಕಿನಾಗೆ ಕುಂತು ದುಡ್ಡು ಎಣಿಸೋರಿಗೂ ನಿದ್ದೆ ಬರಲ್ವಾ?"

"ನಮ್ಮ ದುಡ್ಡಲ್ಲವಲ್ಲ ಅಜ್ಜಾ," ಎಂದು ಆತ ನಕ್ಕ. ಅಜ್ಜನೂ ನಕ್ಕು ಕಲ್ಲಿನ ಮೇಲೆ ಕುಳಿತ.

ಆತ ಮಾಡುತ್ತಿದ್ದುದು ಚೀನಿಯರು 'ಬಾದ್ವಾನ್‌ಜಿನ್' ಎಂದು ಕರೆಯುವ ಅಭ್ಯಾಸ. ಜರತಾರಿ ರೇಷ್ಮೆಯ ಎಂಟು ತುಂಡುಗಳು ಎಂಬುದು ಆ ಹೆಸರಿನ ಅರ್ಥ. ಎಂಟು ಚಲನೆಗಳು, ಎಲ್ಲವೂ ಸೇರಿ ಕಾಲು ಗಂಟೆಯ ಕೆಲಸ. ಮೊದಲನೆಯದರಲ್ಲಿ ಕೈಗಳು ಆಕಾಶಕ್ಕೆ ಏರುತ್ತವೆ. ಎರಡನೆಯದರಲ್ಲಿ ಕುದುರೆ ಏರಿದವನಂತೆ ಕಾಲು ಬಾಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಲ್ಲು ಎಳೆಯಬೇಕು. ಮತ್ತೊಂದರಲ್ಲಿ ಕತ್ತು ತಿರುಗಿಸಿ ಬೆನ್ನ ಹಿಂದಕ್ಕೆ ನೋಡಬೇಕು. ಇನ್ನೊಂದರಲ್ಲಿ ನಡು ಬಗ್ಗಿಸಿ ಕಾಲನ್ನು ಮುಟ್ಟಬೇಕು. ಕೊನೆಯದರಲ್ಲಿ ಹಿಮ್ಮಡಿ ಎತ್ತಿ ಏಳು ಸಲ ಮೆಲ್ಲನೆ ನೆಲಕ್ಕೆ ಬಿಡಬೇಕು. ಹನ್ನೆರಡನೆಯ ಶತಮಾನದ ಬರಹಗಳಲ್ಲಿಯೇ ಈ ಹೆಸರು ಸಿಗುತ್ತದೆ. ಯೋಗಾಸನದಲ್ಲಿ ದೇಹ ಒಂದು ಭಂಗಿಯಲ್ಲಿ ನೆಲೆಗೊಳ್ಳುತ್ತದೆ. ಇದರಲ್ಲಿ ಒಂದು ಭಂಗಿ ಮುಗಿಯುವ ಮೊದಲೇ ಇನ್ನೊಂದರೊಳಕ್ಕೆ ಹರಿಯುತ್ತದೆ. ಮುಖ್ಯವಾದ ವ್ಯತ್ಯಾಸ ಇಷ್ಟೆ.

ಈ ವಿದ್ಯೆಗಳ ಮೂಲವನ್ನು ಹುಡುಕಿದರೆ ಅದು ಹೊಳೆಯ ದಂಡೆಗೇ ಹೋಗಿ ಮುಟ್ಟುತ್ತದೆಂಬುದು ಕುತೂಹಲದ ಸಂಗತಿ. ಕ್ರಿ.ಪೂ. 239ರ ಸುಮಾರಿಗೆ ಸಂಗ್ರಹವಾದ 'ಲ್ಯೂಷಿ ಚುನ್‌ಚ್ಯೂ' ಎಂಬ ಗ್ರಂಥದಲ್ಲಿ ಒಂದು ಕಥೆಯುಂಟು. ಹಿಂದೆ ಒಂದು ಕಾಲದಲ್ಲಿ ನದಿಗಳು ಹರಿಯುವ ದಾರಿ ಕಟ್ಟಿಹೋಗಿ ನೀರು ನಿಂತಿತಂತೆ. ಜನರ ದೇಹದೊಳಗಿನ ಪ್ರಾಣವಾಯುವೂ ಹಾಗೆಯೇ ನಿಂತು, ನರ ಸೆಟೆದು, ಮೈ ಮುದುಡಿತಂತೆ. ಅದನ್ನು ಬಿಡಿಸುವುದಕ್ಕಾಗಿ ಕುಣಿತವನ್ನು ಕಲ್ಪಿಸಿದರಂತೆ. ಹಳದಿ ಚಕ್ರವರ್ತಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ, ಎರಡು ಸಾವಿರ ವರ್ಷದಷ್ಟು ಹಳೆಯ ವೈದ್ಯಗ್ರಂಥವು ಮನುಷ್ಯನ ದೇಹದ ಹನ್ನೆರಡು ನಾಡಿಗಳನ್ನು ಚೀನ ದೇಶದ ಹನ್ನೆರಡು ನದಿಗಳೊಡನೆ ಒಂದೊಂದಾಗಿ ಹೋಲಿಸುತ್ತದೆ. ಆ ನಾಡಿಗಳಲ್ಲಿ ಹರಿಯುವುದನ್ನು ಅವರು 'ಚಿ' ಎನ್ನುತ್ತಾರೆ. ನಮ್ಮ 'ಪ್ರಾಣ' ಶಬ್ದಕ್ಕೆ ಅದು ಬಹಳ ದೂರವಲ್ಲ. 'ಚಿ'ಯನ್ನು ಪಳಗಿಸುವ ಅಭ್ಯಾಸ 'ಚಿಗಾಂಗ್'. 'ತಾಯ್‌ಚಿ'ಯಲ್ಲಿರುವ 'ಚಿ' ಮಾತ್ರ ಬೇರೆ ಶಬ್ದ. ಪರಮಾವಧಿ ಎಂಬುದು ಅದರ ಭಾವ.

ಚೀನಿಯರ ಪುರಾಣದಲ್ಲಿ ಗುನ್ ಎಂಬುವನೂ ಅವನ ಮಗ ಯೂ ಎಂಬುವನೂ ಮಹಾಪ್ರವಾಹವನ್ನು ಎದುರಿಸಿದ ಕಥೆ ಇನ್ನೂ ಹೆಚ್ಚು ಅರ್ಥವತ್ತಾಗಿದೆ. ತಂದೆ ನೀರಿಗೆ ಅಡ್ಡಗಟ್ಟೆ ಹಾಕಿ ಸೋತ; ಮಗ ಕಾಲುವೆ ತೋಡಿ ಹರಿಯಗೊಟ್ಟು ಗೆದ್ದ. ಚೀನದ ದೈಹಿಕ ವಿದ್ಯೆಗಳ ತಿರುಳೆಲ್ಲ ಈ ಕಥೆಯಲ್ಲಿ ಅಡಗಿದೆಯೆನ್ನಬಹುದು. ಚಾಂಗ್‌ಶಾ ನಗರದ ಬಳಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಗೋರಿಯನ್ನು 1973ರಲ್ಲಿ ತೆರೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರವೊಂದು ದೊರೆಯಿತು. ಅದರಲ್ಲಿ ನಲವತ್ತನಾಲ್ಕು ಮಂದಿ ಗಂಡಸರೂ ಹೆಂಗಸರೂ ಕೈಚಾಚಿ, ಮೈಬಾಗಿಸಿ, ಒಬ್ಬೊಬ್ಬರು ಒಂದೊಂದು ವ್ಯಾಯಾಮದಲ್ಲಿ ನಿರತರಾಗಿದ್ದಾರೆ. ಕ್ರಿಸ್ತಶಕ ಎರಡನೆಯ ಮೂರನೆಯ ಶತಮಾನಗಳ ಸಂಧಿಯಲ್ಲಿದ್ದ ಹುವಾ ತುವೊ ಎಂಬ ವೈದ್ಯ ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ ಎಂಬ ಐದರ ನಡೆಯನ್ನು ಅನುಕರಿಸುವ ಆಟವನ್ನು ಶಿಷ್ಯರಿಗೆ ಹೇಳಿಕೊಟ್ಟನೆಂದು ಪ್ರತೀತಿ. ದಿನವೂ ತಿರುಗುವ ಬಾಗಿಲಿನ ತಿರುಗುಣಿಗೆ ಹುಳು ಹಿಡಿಯದೆಂಬುದು ಅವನು ಕೊಟ್ಟ ದೃಷ್ಟಾಂತ.

ಆಧುನಿಕ ಕಾಲದಲ್ಲಿ ಈ ಹಳೆಯ ವಿದ್ಯೆಗೆ ಹೊಸ ಉಡುಪು ಬಂತು. 1950ರ ದಶಕದಲ್ಲಿ ಲಿಯು ಗುಯಿಝೆನ್ ಎಂಬಾತ ತನ್ನ ಜಠರದ ಹುಣ್ಣು ಇದರಿಂದಲೇ ವಾಸಿಯಾಯಿತೆಂದು ಹೇಳಿ, ಉತ್ತರ ಚೀನದಲ್ಲಿ ಚಿಗಾಂಗ್ ಚಿಕಿತ್ಸೆಯ ಆರೋಗ್ಯಧಾಮವನ್ನು ನಡೆಸಿದ. 1956ರಲ್ಲಿ ಅಲ್ಲಿನ ಸರ್ಕಾರ ಉದ್ದವಾದ ತಾಯ್‌ಚಿಯನ್ನು ಇಪ್ಪತ್ತನಾಲ್ಕು ಚಲನೆಗಳಿಗೆ ಇಳಿಸಿ ಸಾಮಾನ್ಯರಿಗೆ ಕಲಿಸಿತು. ಇಂದು ಚೀನದ ಉದ್ಯಾನಗಳಲ್ಲಿ ಮುಂಜಾನೆ ಅಜ್ಜಂದಿರೂ ಅಜ್ಜಿಯರೂ ಸಾಲಾಗಿ ಆಡುವುದು ಬಹುಮಟ್ಟಿಗೆ ಇದನ್ನೇ. 2020ರಲ್ಲಿ ಯುನೆಸ್ಕೊ ತಾಯ್‌ಚಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಚೀನವೆಲ್ಲಿ, ಚಿತ್ರದುರ್ಗವೆಲ್ಲಿ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ನಂಟು ಹೊಸದಲ್ಲ. ಚಿತ್ರದುರ್ಗದ ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ನೆಲ ಅಗೆಸಿದಾಗ ರೋಮಿನ ನಾಣ್ಯಗಳ ಜೊತೆಗೆ ಚೀನದ ನಾಣ್ಯವೊಂದೂ ದೊರೆಯಿತು. ಅದು ಹಾನ್ ಅರಸರ ಕಾಲದ್ದೆಂದು ಗುರುತಿಸಿದವರುಂಟು. ಅಷ್ಟು ಹಳೆಯದಲ್ಲವೆಂದು ಸಂದೇಹಿಸಿದವರೂ ಉಂಟು. ಯಾವ ಕಾಲದ್ದೇ ಆಗಲಿ, ಆ ನಾಣ್ಯ ಬಂದ ದಾರಿ ಒಂದಿತ್ತು. ಅದೇ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ; ಅದು ಹೇಳುವುದು ಒಂದು ಕೆರೆಯ ವಿಷಯವನ್ನು. ಈ ಸೀಮೆಯಲ್ಲಿ ಅರಸರೂ ಮೊದಲು ನೀರಿನ ಮಾತನ್ನೇ ಆಡಬೇಕಾಗಿತ್ತು.

ಕನ್ನಡ ಮಾತು ಇಂದಿಗೂ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಐವರು ವೈದ್ಯರ ತಂಡದೊಡನೆ ಚೀನಕ್ಕೆ ಹೋದರು. ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ, ಮೂವತ್ತೆರಡರ ಹರೆಯದಲ್ಲಿ, ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಡಾ. ಬಿಜಯಕುಮಾರ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ, ಸೂಜಿ ಚುಚ್ಚಿ ಗುಣಪಡಿಸುವ ಅಕ್ಯುಪಂಕ್ಚರ್ ವಿದ್ಯೆಯನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ನೆಲೆಗೊಳಿಸಿದರು. ನಮ್ಮ ನಾಡಿನಲ್ಲಿಯೇ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಸಂಸ್ಥೆಗಳಲ್ಲಿ ಯೋಗ, ಉಪವಾಸ, ಮಣ್ಣಿನ ಪಟ್ಟಿಗಳ ಜೊತೆಗೆ ಅಕ್ಯುಪಂಕ್ಚರನ್ನೂ ವಿದ್ಯಾರ್ಥಿಗಳು ಕಲಿಯುತ್ತಾರೆ. ಹೊಳೆಯ ನೀರಿಗೆ ಗಡಿ ಹೇಗೆ ಗೊತ್ತಿಲ್ಲವೋ, ಹಾಗೆ ಮನುಷ್ಯನ ನೋವಿಗೆ ಕಂಡುಕೊಂಡ ಮದ್ದಿಗೂ ಗಡಿ ಗೊತ್ತಿಲ್ಲ.

ಹಾಗಾದರೆ ಈ ಮೆಲುಚಲನೆಗಳಿಂದ ನಿಜವಾಗಿ ಆಗುವುದೇನು? ಚಿಂತೆ ಹೆಚ್ಚಾದಾಗ ದೇಹವು ಶತ್ರುವನ್ನು ಕಂಡಂತೆ ಸನ್ನದ್ಧವಾಗುತ್ತದೆ. ಹೃದಯದ ಬಡಿತ ಏರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಸಣ್ಣಸಣ್ಣದಾಗಿ ಆಡುತ್ತದೆ. ಭುಜ, ಕತ್ತು, ದವಡೆ ಬಿಗಿಯುತ್ತವೆ. ಹುಲಿ ಎದುರಾದರೆ ಇದು ಉಪಕಾರಿ. ಆದರೆ ಸಾಲದ ಕಂತು, ಮೇಲಧಿಕಾರಿಯ ಸಿಟ್ಟು, ಬಾರದ ಮಳೆ, ಇವು ಹುಲಿಯಂತೆ ಬಂದು ಹೋಗುವುದಿಲ್ಲ. ಮನೆಯಲ್ಲೇ ಬಿಡಾರ ಹೂಡುತ್ತವೆ. ದೇಹದ ಬಿಗಿ ಬಿಚ್ಚುವುದೇ ಇಲ್ಲ. ನಿಧಾನವಾದ ಉಸಿರು, ಅದರಲ್ಲಿಯೂ ಉದ್ದವಾಗಿ ಹೊರಬಿಡುವ ಉಸಿರು, ಹೃದಯದ ಬಡಿತವನ್ನು ತಗ್ಗಿಸುತ್ತದೆ. ಕೈಕಾಲಿನ ಚಲನೆಯಲ್ಲಿ ಗಮನ ನೆಟ್ಟವನಿಗೆ ಆ ಕಾಲು ಗಂಟೆಯ ಮಟ್ಟಿಗೆ ನಾಳೆಯ ಲೆಕ್ಕ ಮರೆಯುತ್ತದೆ. ಅಮೆರಿಕದ ವೈದ್ಯರು ಮೈತುಂಬ ನೋವಿನ ಫೈಬ್ರೊಮಯಾಲ್ಜಿಯ ರೋಗಿಗಳಿಗೆ ಹನ್ನೆರಡು ವಾರ ತಾಯ್‌ಚಿ ಕಲಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿನ ಕಾಟ ತಗ್ಗಿ ನಿದ್ರೆಯೂ ಮನಃಸ್ಥಿತಿಯೂ ಸುಧಾರಿಸಿದ್ದವು. 2012ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಪಾರ್ಕಿನ್ಸನ್ ರೋಗಿಗಳ ದೇಹದ ಸಮತೋಲ ಉತ್ತಮಗೊಂಡಿತ್ತು.

ಇಷ್ಟನ್ನು ಒಪ್ಪಿಕೊಂಡ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. 1980ರ ದಶಕದಲ್ಲಿ ಚೀನದಲ್ಲಿ ಚಿಗಾಂಗ್ ಹುಚ್ಚು ಹರಡಿದಾಗ, ಕೈ ಮುಟ್ಟದೆಯೇ ರೋಗ ಕಳೆಯುತ್ತೇವೆನ್ನುವ ಪವಾಡಪುರುಷರು ಸಾಲುಸಾಲಾಗಿ ಎದ್ದರು, ನಂಬಿದವರು ಮೋಸಹೋದರು. ದೇಹದೊಳಗೆ ಹನ್ನೆರಡು ಹೊಳೆಗಳನ್ನು ಯಾವ ಶಸ್ತ್ರವೈದ್ಯನೂ ಕಂಡಿಲ್ಲ. ಅದು ಕವಿಯ ಕಣ್ಣಿನ ಶರೀರಶಾಸ್ತ್ರ. ಹೋಲಿಕೆ ಸುಂದರವಾದುದರಿಂದ ಅಭ್ಯಾಸವನ್ನು ಬಿಡಬೇಕಾಗಿಲ್ಲ; ಅಭ್ಯಾಸ ಹಿತವಾದುದರಿಂದ ಹೋಲಿಕೆಯನ್ನು ಸತ್ಯವೆಂದು ಹಿಡಿಯಬೇಕಾಗಿಯೂ ಇಲ್ಲ. ಬ್ಯಾಂಕಿನವನು ಮಾತ್ರೆಯನ್ನು ಬಿಟ್ಟು ಕೈ ಬೀಸಲು ನಿಂತಿರಲಿಲ್ಲ. ವೈದ್ಯರ ಮಾತು ಕೇಳಿ ಎರಡನ್ನೂ ಮಾಡುತ್ತಿದ್ದ. ಅದೇ ವಿವೇಕ.

ಅಜ್ಜ ಇದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ತನ್ನ ಕಥೆ ಹೇಳಿದ.

"ನಮ್ಮಪ್ಪ ಮೂವತ್ಮೂರರಾಗೆ ಕೋಡಿ ಬಿದ್ದದ್ದು ಕಂಡಿದ್ದನಂತೆ. ಸಾಯೋ ತನಕ ಅದನ್ನೇ ಹೇಳ್ತಿದ್ದ. ನಾನು ಕಾಣಾಕೆ ಎಪ್ಪತ್ತು ದಾಟಬೇಕಾತು. ಅಷ್ಟೊತ್ತಿಗೆ ಎರಡೆಕರೆ ತೆಂಗು ಒಣಗಿ ಹೋಗಿತ್ತು ತಮ್ಮಾ. ಒಂದೊಂದು ಮರಕ್ಕೂ ನಾನೇ ಕೈಯಾರೆ ಗುಂಡಿ ತೆಗೆದಿದ್ದೆ. ಕಡಿಸಿದ ದಿನ ಮನೆಯಾಗೆ ಯಾರೂ ಒಲೆ ಹಚ್ಚಲಿಲ್ಲ."

ಬ್ಯಾಂಕಿನವನಿಗೆ ಮಾತು ಹೊರಡಲಿಲ್ಲ. ಒಣಗಿದ ತೆಂಗಿಗೆ ಯಾವ ಕಸರತ್ತು? ಸಾಲ ಕೊಡುವ ಮೇಜಿನ ಆಚೆ ಕುಳಿತು ಇಂಥ ಎಷ್ಟೋ ಕಥೆಗಳನ್ನು ಅವನು ಅರ್ಜಿಯ ರೂಪದಲ್ಲಿ ಓದಿದ್ದ. ಅವನ ನಿದ್ರೆಯನ್ನು ಕದ್ದವುಗಳಲ್ಲಿ ಅವೂ ಸೇರಿದ್ದವು.

"ಆವಾಗ ನೀವೇನು ಮಾಡಿದ್ರಿ ಅಜ್ಜಾ?"

"ಏನ್ ಮಾಡದು? ದಿನಾ ಬೆಳಿಗ್ಗೆ ಎದ್ದು ಇಲ್ಲಿಗೆ ನಡಕೊಂಡು ಬರ್ತಿದ್ದೆ. ನೀರು ಎಷ್ಟಡಿ ಐತೆ ನೋಡದು, ಅಮ್ಮನಿಗೆ ಕೈ ಮುಗಿಯದು, ಮನೆಗೆ ಹೋಗದು. ನೀರೇನೂ ಏರ್ತಿರಲಿಲ್ಲ. ಆದ್ರೆ ನಡೆದು ಬಂದ ದಿನ ಎದೆ ಒಸಿ ಹಗುರ ಇರ್ತಿತ್ತು. ನಮ್ಮೂರಾಗೊಬ್ಬ ನೀರಗಂಟಿ ಇದ್ದ. ಅವನೊಂದು ಮಾತು ಹೇಳ್ತಿದ್ದ. ಏರಿ ಎಷ್ಟು ಗಟ್ಟಿ ಇದ್ರೇನು, ತೂಬು ಕೆಟ್ಟರೆ ಕೆರೆ ಕೆಟ್ಟಂಗೆ ಅಂತ."

ಕೆರೆಯ ಸೀಮೆಯಲ್ಲಿ ಬೆಳೆದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಕೆರೆಗೆ ಮೂರು ಅಂಗಗಳು: ನೀರನ್ನು ತಡೆಯುವ ಏರಿ, ಬೇಕಾದಷ್ಟನ್ನು ಬಿಡುವ ತೂಬು, ಹೆಚ್ಚಾದುದನ್ನು ಹೊರಹಾಕುವ ಕೋಡಿ. ಏರಿಯೊಂದೇ ಇದ್ದರೆ ಅದು ಒಂದು ಮಳೆಗಾಲದಲ್ಲಿ ಒಡೆಯುತ್ತದೆ. ಕೋಡಿಯನ್ನೇ ನಂಬಿದರೆ ಗದ್ದೆಗೆ ನೀರಿಲ್ಲ. ತೂಬಿನ ಕೆಲಸ ದಿನನಿತ್ಯದ್ದು. ಸ್ವಲ್ಪಸ್ವಲ್ಪವಾಗಿ, ಅಳತೆಯಿಂದ, ಕೆಳಗಿನ ಪೈರಿಗೆ ಉಪಯೋಗವಾಗುವಂತೆ ಬಿಡುವುದು. ಮಾರಿಕಣಿವೆಯ ಭಾರಿ ಗೋಡೆಯನ್ನು ನೋಡಿ ಬೆರಗಾಗುವ ಪ್ರವಾಸಿಗರು ಅದರ ಅಡಿಯ ತೂಬನ್ನು ಗಮನಿಸುವುದು ಕಡಿಮೆ. ಆದರೆ ಕಾಲುವೆಯ ಕೆಳಗಿನ ಸಾವಿರಾರು ಎಕರೆ ಬದುಕಿರುವುದು ಗೋಡೆಯಿಂದ ಎಷ್ಟೋ ತೂಬಿನಿಂದಲೂ ಅಷ್ಟೇ.

ಎಲ್ಲವನ್ನೂ ಎದೆಯಲ್ಲಿಟ್ಟುಕೊಂಡು ತುಟಿ ಬಿಗಿದು ಬದುಕುವುದನ್ನು ನಮ್ಮ ಕಡೆ ಗಂಡಸಿನ ಲಕ್ಷಣವೆಂದು ಎಣಿಸುತ್ತಾರೆ. ಅದು ಏರಿ ಮಾತ್ರ ಇರುವ ಕೆರೆ. ಒಂದು ದಿನ ಸಿಟ್ಟಾಗಿ, ಕುಡಿತವಾಗಿ, ಕೆಲವೊಮ್ಮೆ ಅದಕ್ಕಿಂತ ಭಯಂಕರವಾಗಿ ಅದು ಒಡೆಯುತ್ತದೆ. ಮಳೆ ತರಿಸುವುದು, ಸಾಲ ತೀರಿಸುವುದು ತಾಯ್‌ಚಿಯಿಂದಾಗದು. ಅದಕ್ಕೆ ನೀರಾವರಿ ಬೇಕು, ನ್ಯಾಯವಾದ ಬೆಲೆ ಬೇಕು, ಆಳುವವರ ಕಣ್ಣು ತೆರೆದಿರಬೇಕು. ಮನಸ್ಸಿನ ಭಾರ ಮಿತಿಮೀರಿದಾಗ ಆಸ್ಪತ್ರೆಗೂ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ, 14416 ಎಂಬ ಸಂಖ್ಯೆಯಲ್ಲಿ, ಯಾರು ಬೇಕಾದರೂ ಕನ್ನಡದಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು. ಅದೂ ಒಂದು ತೂಬೇ. ಚೀನದ ಮೆಲುಚಲನೆ, ಮುದುಕನ ಬೆಳಗಿನ ನಡಿಗೆ, ಕಲ್ಲಿನ ಮೇಲೆ ಕುಳಿತು ಅಪರಿಚಿತನೊಡನೆ ಆಡಿದ ನಾಲ್ಕು ಮಾತು, ಇವೆಲ್ಲ ಆ ಜಾತಿಗೇ ಸೇರಿದವು.

ಬಿಸಿಲು ಬೆಟ್ಟದ ನೆತ್ತಿಯಿಂದ ಇಳಿದು ಕಟ್ಟೆಯ ಮಂಟಪಗಳನ್ನು ಮುಟ್ಟಿತು. ಗುಡಿಯಲ್ಲಿ ಗಂಟೆಯಾಯಿತು. ಅಜ್ಜ ಕೋಲನ್ನು ಕಲ್ಲಿಗೆ ಒರಗಿಸಿ ಎದ್ದುನಿಂತ.

"ಆ ಮೊದಲನೇದು ಏನೋ ಮಾಡಿದೆಯಲ್ಲಪ್ಪಾ, ಆಕಾಶ ಎತ್ತದು. ಅದೊಂದು ತೋರಿಸು, ನೋಡಾನ."

"ಮಂಡಿ ನೋವಿದ್ರೆ ಬಗ್ಗಿಸಬೇಡಿ ಅಜ್ಜಾ. ಕೈ ಮಾತ್ರ ಸಾಕು. ಉಸಿರು ತಗೊಳ್ತಾ ಎತ್ತಿ, ಬಿಡ್ತಾ ಇಳಿಸಿ."

ಗುಂಡಿ ತೋಡಿ ಮರ ನೆಟ್ಟ ಕೈಗಳು, ಆ ಮರಗಳನ್ನು ಕಡಿಸುವಾಗ ಸುಮ್ಮನೆ ಇಳಿಬಿದ್ದಿದ್ದ ಕೈಗಳು, ಮೆಲ್ಲಗೆ ಮೇಲೆದ್ದವು. ಅರ್ಧಕ್ಕೆ ನಡುಗಿದವು, ಆಮೇಲೆ ತಲೆಯ ಮೇಲೆ ಕೂಡಿದವು. ಅಜ್ಜ ಉದ್ದವಾಗಿ ಉಸಿರು ಬಿಟ್ಟ. ದೂರದಲ್ಲಿ ತೂಬಿನಿಂದ ಹೊರಟ ನೀರು ಕಾಲುವೆಯ ದಾರಿ ಹಿಡಿದಿತ್ತು.